ಸೊಪ್ಪಿನ ಸಾರಕ್ಕೆ ಅರ್ಧ ಪರೀಕ್ಷೆ ಸಾಲದು

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ವೈರಾಣು ಶಾಸ್ತ್ರದ ಪಠ್ಯಗಳಲ್ಲಿ ಸೇರಿದ್ದು ಒಂದು ಕಾಯಿಲೆಯ ದೆಸೆಯಿಂದ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರ ಹಿಡಿದು ಮಲಗಿದರು. ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆರು ದಶಕ ಕಳೆದರೂ ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ. ಬಹುಕಾಲ ಹಾಕುತ್ತಿದ್ದ ಲಸಿಕೆಯೂ ಸಾಕಷ್ಟು ಫಲ ಕೊಡದೆ ನಿಂತುಹೋಗಿದೆ.

ಇದೇ ಸೊರಬ, ಶಿಕಾರಿಪುರದ ಸೀಮೆಯಲ್ಲಿ ಕಾಮಾಲೆಗೆ ನೆಲನೆಲ್ಲಿ, ಜ್ವರಕ್ಕೆ ಅಮೃತಬಳ್ಳಿ, ಕೆಮ್ಮಿಗೆ ಆಡುಸೋಗೆ ಕೊಡುವ ಹಳ್ಳಿ ಮದ್ದಿನ ರೂಢಿ ಇನ್ನೂ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಜಿಲ್ಲೆಯ ಇಂಥ ಮದ್ದುಗಳನ್ನು ದಾಖಲಿಸಿದ್ದಾರೆ. ಈ ಸೊಪ್ಪುಗಳ ಸಾರ ವೈರಸ್ಸನ್ನು ತಡೆಯುತ್ತದೆಯೇ ಎಂದು ನೋಡಿಬಿಡಬಾರದೇ? ಖಂಡಿತ ನೋಡಬೇಕು. ಅರ್ಧಕ್ಕೇ ನಿಲ್ಲಿಸಿ ಪತ್ರಿಕಾಗೋಷ್ಠಿ ಕರೆಯುವ ಚಾಳಿ ಮಾತ್ರ ಬೇಡ.

ಪ್ರಯೋಗಾಲಯದಲ್ಲಿ ನಡೆಯುವುದಿಷ್ಟು: ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ವೈರಸ್ ಸೋಂಕಿಸಿ, ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ವೈರಸ್ ಅರ್ಧಕ್ಕಿಳಿಯಲು ಎಷ್ಟು ಬೇಕು, ಜೀವಕೋಶಗಳೇ ಅರ್ಧದಷ್ಟು ಸಾಯಲು ಎಷ್ಟು ಸಾಕು ಎಂಬ ಎರಡು ಅಂಕಿಗಳ ನಡುವಿನ ಅಂತರವೇ ಮುಖ್ಯ. ಅಂತರ ಕಿರಿದಾದರೆ ಅದು ಮದ್ದಲ್ಲ, ವಿಷ. ತೊಗಟೆಯ ಸಾರದಲ್ಲಿರುವ ಟ್ಯಾನಿನ್ ಇನ್ನೊಂದು ಮೋಸಗಾರ. ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು ಗೆದ್ದಂತೆ ತೋರಿಸುತ್ತದೆ.

ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೆ ಸೋಲುವುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. ಮಂಗದ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ತಡೆದ ಕ್ಲೋರೋಕ್ವಿನ್, ಮನುಷ್ಯರ ಶ್ವಾಸಕೋಶದ ಜೀವಕೋಶಗಳಲ್ಲಿ ತಡೆಯಲಿಲ್ಲ. ಅದರ ಸೋದರ ಹೈಡ್ರಾಕ್ಸಿಕ್ಲೋರೋಕ್ವಿನ್ ಆಸ್ಪತ್ರೆಗೆ ಸೇರಿದವರಿಗೆ ನೆರವಾಗುವುದಿಲ್ಲವೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆ ಹೇಳಿತು.

ನಮ್ಮ ನೆಲನೆಲ್ಲಿಯ ಕಥೆ ಇನ್ನೂ ಬೋಧಪ್ರದ. 1988ರಲ್ಲಿ ಮದ್ರಾಸಿನ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಈ ಗಿಡದ ಪುಡಿಯನ್ನು 30 ದಿನ ಕೊಟ್ಟಾಗ ಶೇ 59ರಷ್ಟು ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು, ಹುಸಿಮಾತ್ರೆ ನುಂಗಿದವರಲ್ಲಿ ಶೇ 4ರಷ್ಟು ಮಾತ್ರ. ಜಗತ್ತು ಹುಬ್ಬೇರಿಸಿತು. ಆದರೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಗಿಡವನ್ನು ಹೀಗಳೆಯಬೇಕಿಲ್ಲ; ಒಂದೇ ಪರೀಕ್ಷೆಯನ್ನು ನಂಬಬಾರದು, ಅಷ್ಟೆ. ಹೆಪಟೈಟಿಸ್ ಎ ಕಾಮಾಲೆ ಸಾಮಾನ್ಯವಾಗಿ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಸರ್ಪಸುತ್ತೂ ಅಷ್ಟೇ. ಕೀರ್ತಿ ಮಾತ್ರ ಕೊನೆಗೆ ಕುಡಿದ ಕಷಾಯಕ್ಕೆ!

ಪರೀಕ್ಷೆ ಮಾಡುವವರಿಗೆ ನಾಟಿ ವೈದ್ಯರ ಋಣವೂ ಇದೆ. ಜೀವವೈವಿಧ್ಯ ಕಾಯ್ದೆ 2002ರಲ್ಲೇ ಬಂದಿದ್ದರೂ, ಗ್ರಂಥದಲ್ಲಿಲ್ಲದ ಬಾಯಿಮಾತಿನ ತಿಳಿವಳಿಕೆಗೆ ಪಾಲು ಕೊಡಿಸುವುದು ಇಂದಿಗೂ ಸಲೀಸಲ್ಲ. ಗಿಡಗಳಿಗೂ ಕಾವಲು ಬೇಕು: ಕ್ಯಾನ್ಸರ್ ಔಷಧಿಯ ಮೂಲವಸ್ತು ಸಿಗುತ್ತದೆಂದು ತಿಳಿದ ಮೇಲೆ ಪಶ್ಚಿಮಘಟ್ಟದ ದುರ್ವಾಸನೆ ಮರಕ್ಕೆ ಕೊಡಲಿ ಬಿತ್ತು.

ಆದ್ದರಿಂದ ಸಂಶೋಧನೆಗೆ ಹಣ ಕೊಡುವವರು ಮೂರು ಷರತ್ತು ಹಾಕಲಿ: ಗಿಡದ ಒಣಮಾದರಿ ಸಂಗ್ರಹಾಲಯದಲ್ಲಿರಬೇಕು, ಜೀವಕೋಶ ಸಾಯುವ ಪ್ರಮಾಣ ಮುದ್ರಣವಾಗಬೇಕು, ಸೋತ ಸಾರಗಳ ಪಟ್ಟಿಯೂ ಹೊರಬರಬೇಕು. ಮಂಗನ ಕಾಯಿಲೆಯ ವೈರಸ್ ಮೇಲಿನ ಪರೀಕ್ಷೆಯಂತೂ ಕಾಲೇಜಿನ ಕೊಠಡಿಯಲ್ಲಿ ಆಗುವಂಥದ್ದಲ್ಲ, ಕಟ್ಟುನಿಟ್ಟಿನ ಜೈವಿಕ ಸುರಕ್ಷತೆಯ ಪ್ರಯೋಗಾಲಯವೇ ಬೇಕು. ಅಲ್ಲಿಯವರೆಗೆ, ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಕಷಾಯ ಕುಡಿದು ಕಾಯುತ್ತ ಕೂರದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.