ಒಬ್ಬಂಟಿಗನ ಬ್ರೇಕು

ಕಾರಿನ ಬ್ರೇಕಿನಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸವೆಂಬುದು ರೂಢಿ. ಒಬ್ಬರು ಒಳಗೆ ಕುಳಿತು ಪೆಡಲನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲನ್ನು ಸಡಿಲಿಸಿ, ಪೆಡಲು ಮೇಲೇಳುವ ಮೊದಲೇ ಬಿಗಿಯಬೇಕು. ನಮ್ಮ ಮನೆಯಲ್ಲಿ ಒತ್ತುವ ಅಧಿಕಾರ ಶ್ರೀಮತಿಯದು. ಕಳೆದ ಭಾನುವಾರ ಆಕೆ ಮಕ್ಕಳೊಡನೆ ತವರಿನಲ್ಲಿದ್ದಳು. ಸಂಜೆ ಅವರನ್ನು ರೈಲು ನಿಲ್ದಾಣದಿಂದ ಕರೆತರಬೇಕು. ಹಿಂದಿನ ದಿನ ನಾನೇ ಮುಂಚಕ್ರದ ಬ್ರೇಕ್ ಹೋಸನ್ನು ಬದಲಾಯಿಸಿದ್ದರ ಫಲವಾಗಿ ಪೆಡಲಾದರೋ ನೆನೆದ ಹತ್ತಿಯಂತೆ ಮೆತ್ತಗಾಗಿತ್ತು.

ಇದಕ್ಕೆ ಕಾರಣ ಸರಳ. ದ್ರವದ ಮೇಲೆ ಹೇರಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿಯೇ ಪಾಸ್ಕಲ್ ತೋರಿಸಿಕೊಟ್ಟ. ಆದರೆ ನಡುವೆ ಗಾಳಿಯ ಗುಳ್ಳೆ ಸೇರಿತೆಂದರೆ, ಕಾಲಿನ ಬಲವೆಲ್ಲ ಅದನ್ನು ಹಿಂಡುವುದರಲ್ಲೇ ವ್ಯಯವಾಗುತ್ತದೆ.

ಒಬ್ಬಂಟಿಗನಿಗೆ ಒಂದು ಗಾಜಿನ ಸೀಸೆ, ಒಂದು ಪಾರದರ್ಶಕ ನಳಿಕೆ ಸಾಕು. ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಕೈಪಿಡಿ ಹೇಳಿದ ಕ್ರಮದಲ್ಲಿ ಒಂದೊಂದೇ ಚಕ್ರವನ್ನು ಹಿಡಿದೆ. ನಳಿಕೆಯ ಒಂದು ತುದಿ ನಿಪ್ಪಲಿಗೆ. ಇನ್ನೊಂದು ಸೀಸೆಯೊಳಗಿನ ಹೊಸ ಬ್ರೇಕ್ ಆಯಿಲಿನಲ್ಲಿ ಮುಳುಗಿರಬೇಕು. ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಪೆಡಲನ್ನು ಮೆಲ್ಲನೆ ಒತ್ತಿ ಮೆಲ್ಲನೆ ಬಿಟ್ಟರೆ ಗಾಳಿ ಗುಳುಗುಳನೆ ಹೊರಬೀಳುತ್ತದೆ. ಮರಳಿ ಹೀರುವಾಗ ನಳಿಕೆ ಎಳೆದುಕೊಳ್ಳುವುದು ಆಯಿಲನ್ನೇ ಹೊರತು ಗಾಳಿಯನ್ನಲ್ಲ. ಗುಳ್ಳೆ ನಿಂತ ಮೇಲೆ ಬಿಗಿದರಾಯಿತು. ನಾಲ್ಕೈದು ಸಲ ಒತ್ತಿದ ಮೇಲೆ ಬಾನೆಟ್ಟಿನ ಕೆಳಗಿನ ಡಬ್ಬಿಗೆ ಆಯಿಲು ತುಂಬುವುದನ್ನು ಮರೆಯಬಾರದು. ಅದು ಬರಿದಾದರೆ ಗಾಳಿ ಮತ್ತೆ ಒಳನುಗ್ಗುತ್ತದೆ.

ಹೊರಬಂದ ಆಯಿಲನ್ನು ಮರಳಿ ಬಳಸುವ ಮಿತವ್ಯಯ ಬೇಡ. ಡಾಟ್ 4 ಆಯಿಲು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲಾಗದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಎಬಿಎಸ್ ಇರುವ ಕೆಲವು ಕಾರುಗಳಿಗಂತೂ ಗ್ಯಾರೇಜಿನ ಸ್ಕ್ಯಾನರೇ ಬೇಕು.

ಒಂದು ಸುತ್ತು ಮುಗಿಯಿತು. ಎಂಜಿನ್ ಚಾಲೂ ಮಾಡಿ ಒತ್ತಿದೆ. ಪೆಡಲು ಸುಮಾರಾಗಿ ಗಟ್ಟಿಯಾಗಿತ್ತು. ‘ಇಷ್ಟು ಸಾಕು’ ಎಂದಿತು ಮನಸ್ಸು. ಅಲ್ಲವೆನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಬ್ಬಂಟಿ ಕೆಲಸದ ನಿಜವಾದ ಅಪಾಯ ಅದೇ. ಅಂಚಿನಲ್ಲಿ ಎಡವಿದ ವಿದ್ಯಾರ್ಥಿಗೆ ಕೃಪಾಂಕ ನೀಡಬಹುದು, ಬ್ರೇಕಿಗೆ ಕೃಪಾಂಕವಿಲ್ಲ. ಮತ್ತೆ ಮುಂಚಕ್ರದ ಬಳಿ ಕುಳಿತೆ. ನಳಿಕೆಯಲ್ಲಿ ಸಾಸಿವೆಗಾತ್ರದ ಗುಳ್ಳೆಗಳು ಸಾಲಾಗಿ ಬಂದವು.

ಪೆಡಲು ಕಲ್ಲಿನಂತಾಯಿತು. ಎಲ್ಲಿಯೂ ಸೋರಿಕೆಯಿಲ್ಲವೆಂದು ನೋಡಿ, ಖಾಲಿ ಓಣಿಯಲ್ಲಿ ನಿಧಾನವಾಗಿ ಪರೀಕ್ಷಿಸಿ ಹೊರಟೆ.

“ಏಕಿಷ್ಟು ತಡ?” ಎಂದಳು ಶ್ರೀಮತಿ.

“ಒಂದು ಗುಳ್ಳೆ ಉಳಿದಿತ್ತು” ಎಂದೆ.