ಶಿವಪ್ಪನಾಯಕನ ಅರಮನೆ: ಮೇಷ್ಟ್ರ ತಪ್ಪೊಪ್ಪಿಗೆ

ಭದ್ರಾವತಿಯಲ್ಲಿ ನನ್ನ ಬಳಿ ಓದಿದವರಿಗೆ ಆ ಪ್ರವಾಸ ನೆನಪಿರಬಹುದು. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಶಿವಮೊಗ್ಗೆಗೆ ಹೋಗಿ, ತುಂಗೆಯ ದಡದ ಅರಮನೆಯೆದುರು ನಿಮ್ಮನ್ನು ಸಾಲಾಗಿ ನಿಲ್ಲಿಸಿ, "ಇದನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ" ಎಂದು ಪ್ರತಿವರ್ಷವೂ ಹೇಳುತ್ತಿದ್ದೆ. ನಾನು ಹೇಳಿದ್ದು ಸರಿಯಲ್ಲ.

ಶಿವಪ್ಪನಾಯಕನು ಆಳಿದ್ದು 1645ರಿಂದ 1660ರವರೆಗೆ. ಈಗಿರುವ ಕಟ್ಟಡ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದು ಎಂಬ ಅಭಿಪ್ರಾಯವನ್ನು ಓದಿದಾಗ ಮೊದಲು ಮನಸ್ಸು ಒಪ್ಪಲಿಲ್ಲ. ಹೈದರನು ಬಿದನೂರನ್ನು ಗೆದ್ದದ್ದು 1763ರಲ್ಲಿ; ನೂರು ವರ್ಷದ ಅಂತರ! ನಿವೃತ್ತಿಯ ಬಳಿಕ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನೂ, ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆಯನ್ನೂ ನೋಡಿದೆ. ಅಲ್ಲಿಯೂ ಅವೇ ಎತ್ತರದ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಹೂವಿನ ಎಸಳುಗಳಂತೆ ಕೊರೆದ ಅವೇ ಕಮಾನುಗಳು. ಬೆಂಗಳೂರಿನಲ್ಲಂತೂ, ನಮ್ಮ ಶಿವಮೊಗ್ಗೆಯಲ್ಲಿರುವಂತೆಯೇ, ಮೇಲಿನಿಂದ ಕೆಳಗಿನ ಸಭಾಂಗಣವನ್ನು ನೋಡುವ ಮೊಗಸಾಲೆಗಳು. ಇವು ಒಂದೇ ಕಾಲದ ಕಟ್ಟಡಗಳೆಂದು ಹೇಳಲು ಪಂಡಿತನೇ ಬೇಕಾಗಿಲ್ಲ.

ಹಾಗೆಂದು ಹೆಸರು ಬದಲಿಸಬೇಕೆಂದು ನಾನು ಹೇಳಲಾರೆ. ಜನರು ಅಭಿಮಾನದಿಂದ ಕರೆದ ಹೆಸರು, ಇರಲಿ. 'ಶಿಸ್ತು' ಎಂಬ ಭೂಕಂದಾಯ ಪದ್ಧತಿಯನ್ನು ಕೊಟ್ಟ ದೊರೆಗೆ ತನ್ನದಲ್ಲದ ಕಟ್ಟಡದಿಂದ ಕೀರ್ತಿ ಬರಬೇಕಾಗಿಯೂ ಇಲ್ಲ. ಆದರೆ ಕಟ್ಟಿದ ಕಾಲವನ್ನು ಮರೆಮಾಡಿ ಮಕ್ಕಳಿಗೆ ಪಾಠ ಹೇಳುವುದು ಸಲ್ಲದು.

ನನ್ನ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದೆಂದು ಈಗ ತೋರುತ್ತದೆ. ಅದು ಸರ್ಕಾರಿ ವಸ್ತುಸಂಗ್ರಹಾಲಯವಾದ್ದರಿಂದ, ಒಳಗೂ ಅಂಗಳದಲ್ಲಿಯೂ ಇಟ್ಟಿರುವ ವೀರಗಲ್ಲು, ಶಾಸನ, ಮೂರ್ತಿಗಳ ಮುಂದೆಯೇ ನಿಮ್ಮನ್ನು ಗಂಟೆಗಟ್ಟಲೆ ನಿಲ್ಲಿಸಿದೆ. ತಲೆಯೆತ್ತಿ ಮರಗೆಲಸವನ್ನು ನೋಡಿರೆಂದು ಒಮ್ಮೆಯೂ ಹೇಳಲಿಲ್ಲ. ಬೇರೆಡೆಯಿಂದ ತಂದಿಟ್ಟ ಕಲ್ಲುಗಳಿಗೆ ಸಿಕ್ಕ ಗೌರವ ಅಲ್ಲಿಯೇ ಹುಟ್ಟಿದ ಕಂಬಗಳಿಗೆ ಸಿಗಲಿಲ್ಲ. ನೀವಾದರೋ ಕಾರ್ಖಾನೆಯ ಊರಿನ ಮಕ್ಕಳು. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿದಂದಿನಿಂದ ದಶಕಗಳ ಕಾಲ ಮಲೆನಾಡಿನ ಮರವು ಇದ್ದಿಲಾಗಿ ಕುಲುಮೆಗೆ ಹೋದ ಕಥೆಯನ್ನು ಮನೆಯಲ್ಲಿ ಕೇಳಿದ್ದವರು. ಅದೇ ಮಲೆನಾಡಿನ ಅಂಚಿನಲ್ಲಿ ಮರವು ಕಂಬವಾಗಿ, ಕಮಾನಾಗಿ ಎರಡು ಶತಮಾನಗಳ ಮಳೆಯನ್ನು ಕಂಡು ನಿಂತಿರುವುದನ್ನು ನಿಮಗೆ ತೋರಿಸಬೇಕಾಗಿತ್ತು.

ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಮೊದಲು ಆ ಸಭಾಂಗಣದ ನಡುವೆ ಕೂರಿಸಿ, ಮೇಲೆ ನೋಡಲು ಹೇಳಿ. ಕಲ್ಲುಗಳು ಆಮೇಲಾಗಲಿ.