ಮೇಲೆ ತಳುಕು, ಒಳಗೆ ಹುಳುಕು: ದೋಣಿಗೆ ಯಾವ ಬಣ್ಣ?



"ಕೆಂಗೇರಿಯಲ್ಲಿ ಸಮುದ್ರ ಎಲ್ಲಿದೆ, ದೋಣಿ ಬಣ್ಣದ ಬಗ್ಗೆ ಬರೆಯೋಕೆ?" ಅಂತ ನೀವು ನಗಬಹುದು. ಆದರೆ ಹೋದ ತಿಂಗಳು ಒಂದು ಕಬ್ಬಿಣದ ದೋಣಿ ಟೆಂಪೋ ಹತ್ತಿ ಕೆಂಗೇರಿ ಉಪನಗರಕ್ಕೇ ಬಂತು. ನಮ್ಮಪ್ಪ ಬಣ್ಣ ಹೊಡೆಯೋ ವೆಲ್ಡಿಂಗ್ ಶಾಪಿನ ಮುಂದೆ ಅದನ್ನ ಮಗುಚಿ ಹಾಕಿದ್ರು. ಒಂದು ಕೆರೆಯಲ್ಲಿ ಕಳೆ ತೆಗೆಯೋಕೆ ಇಟ್ಟಿದ್ದ ದೋಣಿ. ಬಣ್ಣ ಹೊಡೆಸಿ ಒಂದು ವರ್ಷವೂ ಆಗಿರಲಿಲ್ಲವಂತೆ. ಪಕ್ಕದಲ್ಲಿ ನೀಲಿ ಬಣ್ಣ ಮಿರಮಿರ ಮಿಂಚುತ್ತಿತ್ತು. ತಳದಲ್ಲಿ ಮಾತ್ರ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಅಪ್ಪ ಒಂದು ಗುಳ್ಳೆಯನ್ನ ಉಳಿಯಿಂದ ಮೀಟಿದ್ರು. ಬಣ್ಣದ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ತೂತು!

ದೋಣಿಯವರು ಕೇಳಿದ್ದು ಒಂದೇ ಮಾತು: "ಯಾವ ಕಲರ್ ಹೊಡೆದರೆ ಬಾಳಿಕೆ ಬರುತ್ತೆ?" ಈ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕೇಳಬೇಕಾದ್ದು ಮೂರು. ಬಣ್ಣದ ಕೆಳಗೆ ಏನಿದೆ? ದೋಣಿ ಯಾವ ನೀರಲ್ಲಿರುತ್ತೆ? ಆ ಬಣ್ಣವನ್ನ ಕೆರೆಯೋರು ಯಾರು?

ಮೊದಲನೇದು, ಬಣ್ಣದ ಕೆಳಗಿನ ಮಾತು. ಕಬ್ಬಿಣಕ್ಕೆ ನೀರು, ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಹಿಡಿಯುತ್ತೆ ಅಂತ ನಾವು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಬಣ್ಣದ ಕೆಲಸ ಇವೆರಡನ್ನೂ ಕಬ್ಬಿಣಕ್ಕೆ ತಾಕದಂತೆ ತಡೆಯೋದು. ಆದರೆ ತುಕ್ಕಿನ ಮೇಲೇ ಬಣ್ಣ ಬಳಿದರೆ ಅದು ಕಬ್ಬಿಣಕ್ಕೆ ಅಂಟೋದೇ ಇಲ್ಲ, ತುಕ್ಕಿಗೆ ಅಂಟುತ್ತೆ. ತುಕ್ಕು ಉದುರಿದಾಗ ಬಣ್ಣವೂ ಜೊತೆಗೇ ಉದುರುತ್ತೆ. ಗೋಡೆಗೆ ಸುಣ್ಣ ಹೊಡೆಯುವಾಗ ಧೂಳು ಗುಡಿಸದೆ ಹೊಡೆದ ಹಾಗೆ.

ಇನ್ನೊಂದು ತಪ್ಪು, ಗೇಟಿನ ಬಣ್ಣವನ್ನ ದೋಣಿ ತಳಕ್ಕೆ ಹಚ್ಚಿದ್ದು. ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎನಾಮೆಲ್ ಪೇಂಟು ಗೇಟಿಗೆ, ಕಿಟಕಿ ಸರಳಿಗೆ ಸರಿ. ಗೇಟು ಮಳೆಯಲ್ಲಿ ನೆನೆದರೂ ಬಿಸಿಲಲ್ಲಿ ಒಣಗುತ್ತೆ. ನೀರಲ್ಲೇ ಬಿಟ್ಟ ದೋಣಿಯ ತಳಕ್ಕೆ ಒಣಗೋ ಭಾಗ್ಯವೇ ಇಲ್ಲ. ನೀರು ನಿಧಾನವಾಗಿ ಎನಾಮೆಲ್ ಒಳಗೆ ಇಳಿದು ಗುಳ್ಳೆ ಎಬ್ಬಿಸುತ್ತೆ. ಸದಾ ಮುಳುಗಿರೋ ಜಾಗಕ್ಕೆ ಎಪಾಕ್ಸಿ ಬೇಕು. ಅದು ಎರಡು ಡಬ್ಬದಲ್ಲಿ ಬರುತ್ತೆ. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನ ಗಟ್ಟಿ ಮಾಡೋ ದ್ರವ. ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಬೇಕು, ಕಲಸಿದ್ದನ್ನ ಹೊತ್ತು ಮೀರುವ ಮುಂಚೆ ಬಳಸಬೇಕು. ಇಲ್ಲದಿದ್ದರೆ ಡಬ್ಬದಲ್ಲೇ ಕಲ್ಲಾಗುತ್ತೆ. ಎಪಾಕ್ಸಿಗೂ ಒಂದು ದೋಷವಿದೆ. ಬಿಸಿಲಿಗೆ ಅದು ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗುತ್ತೆ. ಅದಕ್ಕೇ ನೀರಿನ ಮೇಲೆ ಕಾಣೋ ಭಾಗಕ್ಕೆ ಎಪಾಕ್ಸಿ ಮೇಲೆ ಪಾಲಿಯುರೆಥೇನ್ ಬಣ್ಣ ಕೊಡ್ತಾರೆ.

ಎರಡನೇದು, ಯಾವ ನೀರು? ಪೇಂಟ್ ಅಂಗಡಿಯವರೊಬ್ಬರು ಅಪ್ಪನಿಗೆ, "ಸಮುದ್ರದ ಬೋಟಿಗೆ ಹೊಡೆಯೋದನ್ನೇ ತರಿಸಿ ಹೊಡೀರಿ ಅಣ್ಣ, ಅದು ಸ್ಟ್ರಾಂಗು" ಅಂದ್ರಂತೆ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಸಮುದ್ರದ ಕಷ್ಟವೇ ಬೇರೆ. ಉಪ್ಪುನೀರಲ್ಲಿ ವಿದ್ಯುತ್ ಚೆನ್ನಾಗಿ ಹರಿಯೋದರಿಂದ ತುಕ್ಕು ಬೇಗ ಹಿಡಿಯುತ್ತೆ. ಜೊತೆಗೆ ಬಾರ್ನಕಲ್ ಅನ್ನೋ ಚಿಪ್ಪುಜೀವಿಗಳು ತಳಕ್ಕೆ ಕಚ್ಚಿಕೊಂಡು ದೋಣಿ ಓಟ ಕುಗ್ಗಿಸಿ, ಡೀಸೆಲ್ ಖರ್ಚು ಹೆಚ್ಚಿಸುತ್ತವೆ. ಅವು ಅಂಟದಿರಲಿ ಅಂತ ತಾಮ್ರದ ಆಕ್ಸೈಡ್ ಬೆರೆಸಿದ ಬಣ್ಣ ಹಚ್ಚುತ್ತಾರೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿರೋ ಆ ದಿನಗಳು ರಿಪೇರಿಗೂ ಬಣ್ಣಕ್ಕೂ ಅನುಕೂಲ.

ಅಲ್ಲಿಗೆ ಅದು ಬೇಕು, ಒಪ್ಪೋಣ. ಆದರೆ ಆ ಬಣ್ಣ ಕೆಲಸ ಮಾಡೋದೇ ನೀರಿಗೆ ಸ್ವಲ್ಪ ಸ್ವಲ್ಪವಾಗಿ ವಿಷ ಬಿಟ್ಟು. ಹಿಂದೆ ಟ್ರೈಬ್ಯುಟೈಲ್ ಟಿನ್ ಅನ್ನೋ ತವರದ ವಿಷ ಬೆರೆಸಿದ ಬಣ್ಣ ಹಡಗುಗಳಿಗೆ ಬಹಳ ಚೆನ್ನಾಗಿದೆ ಅಂತ ಎಲ್ಲರೂ ಹಚ್ಚಿದ್ರು. ಫ್ರಾನ್ಸಿನ ಅರ್ಕಶೋನ್ ಕೊಲ್ಲಿಯಲ್ಲಿ ಸಾಕಿದ್ದ ಸಿಂಪಿಗಳು ಅದರಿಂದ ಕೆಟ್ಟವು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನ ನಿಷೇಧಿಸಿತು. ಹಡಗುಗಳಿಗೂ ಅದು ಬೇಡ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, 2008ರಲ್ಲಿ ಜಾರಿಗೆ ಬಂತು. ದೋಣಿಗೆ ಒಳ್ಳೇದು ಅಂದುಕೊಂಡದ್ದು ನೀರಿಗೆ ಕೆಟ್ಟದ್ದಾಯಿತು.

ನಮ್ಮ ಕೆರೆಗಳಲ್ಲಿ ಬಾರ್ನಕಲ್ ಇಲ್ಲ. ಪಾಚಿ ಅಂಟಿದರೆ ತೆಂಗಿನ ನಾರಿಂದ ಉಜ್ಜಿದರಾಯಿತು. ಇಲ್ಲದ ಹುಳಕ್ಕೆ ಔಷಧಿ ಯಾಕೆ? ಇನ್ನೊಂದು ಎಚ್ಚರಿಕೆ, ಅಲ್ಯೂಮಿನಿಯಂ ದೋಣಿಗಂತೂ ಈ ತಾಮ್ರದ ಬಣ್ಣ ಬೇಡವೇ ಬೇಡ. ಎರಡು ಲೋಹ ನೀರಲ್ಲಿ ಕೂಡಿದರೆ ಒಂದು ಇನ್ನೊಂದನ್ನ ತಿನ್ನುತ್ತೆ. 1761ರಲ್ಲಿ ಇಂಗ್ಲೆಂಡಿನವರು 'ಅಲಾರ್ಮ್' ಅನ್ನೋ ಮರದ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆದ್ರು. ಎರಡೇ ವರ್ಷದಲ್ಲಿ ಅದರ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ತಗಡಿಗೂ ಮೊಳೆಗೂ ನಡುವೆ ಕಂದು ಕಾಗದ ಉಳಿದಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಒಂದು ಕಾಗದ ಮಾಡಿದ ಕೆಲಸ ನೋಡಿ!

ಮೂರನೇದೇ ನನಗೆ ಮುಖ್ಯ. ಕೆರೆಯೋರು ಯಾರು? ನಮ್ಮನೇಲಿ, ನಮ್ಮಪ್ಪ. ಆ ದೋಣಿಯ ನೀಲಿ ಬಣ್ಣದ ಕೆಳಗೆ ಕಿತ್ತಳೆ ಬಣ್ಣದ ಇನ್ನೊಂದು ಪದರ ಇತ್ತು. "ಇದು ಹಳೇ ಕಾಲದ ರೆಡ್ ಲೆಡ್ ಇರಬೇಕು, ಆಗೆಲ್ಲ ಕಬ್ಬಿಣಕ್ಕೆ ಇದೇ ಪ್ರೈಮರ್" ಅಂದ್ರು ಅಪ್ಪ. ಲೆಡ್ ಅಂದರೆ ಸೀಸ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ದಿನವಿಡೀ ಒಣ ಬಣ್ಣವನ್ನೇ ಕೆರೆದ್ರು. ಸಂಜೆ ಮನೆಗೆ ಬಂದಾಗ ತಂಗಿ ಓಡಿಹೋಗಿ ಆ ಅಂಗಿಯನ್ನೇ ತಬ್ಬಿಕೊಂಡಳು.

ಸೀಸ ಮಕ್ಕಳ ಮಿದುಳಿಗೆ ಕೇಡು. ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ದೇಶದಲ್ಲಿ 2016ರ ನಿಯಮದ ಪ್ರಕಾರ, 2017ರ ನವೆಂಬರ್‌ನಿಂದ ಮನೆಗೆ ಹಚ್ಚೋ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು. ಆದರೆ ಆ ನಿಯಮ ಬಂದದ್ದು ಮನೆ ಮತ್ತು ಅಲಂಕಾರದ ಬಣ್ಣಕ್ಕೆ. ಅದಕ್ಕೂ ಮೊದಲು ಹಚ್ಚಿದ್ದನ್ನ ನಿಯಮ ಕೆರೆಯೋದಿಲ್ಲ, ನಮ್ಮಪ್ಪನಂಥೋರು ಕೆರೀತಾರೆ. ಕೆರೆದ ಪುಡಿಯನ್ನ ನೀರು ಬಿಟ್ಟು ಮೋರಿಗೆ ತಳ್ಳಿದರೆ ಅದು ವೃಷಭಾವತಿ ಸೇರುತ್ತೆ. ಅಲ್ಲಿಂದ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ.

ನಾನು ಇದನ್ನ ಹೇಳಿದಾಗ ಅಪ್ಪ, "ಇಷ್ಟು ವರ್ಷ ನನಗೇನಾಯ್ತು ಬಿಡು ಮಗಾ" ಅಂದ್ರು. ನಾನು ತಂಗಿ ಕಡೆ ತೋರಿಸಿದೆ. ಅಪ್ಪ ಮಾತಾಡಲಿಲ್ಲ. ಮಾರನೇ ದಿನ ಸರಿಯಾದ ಮಾಸ್ಕ್ ತಂದ್ರು. ನೀರು ಹಾಕಿ, ವಾಟರ್ ಪೇಪರಿನಲ್ಲಿ ಉಜ್ಜಿದ್ರು. ಪುಡಿಯನ್ನ ಪ್ಲಾಸ್ಟಿಕ್ ಹಾಳೆ ಮೇಲೆ ಹಿಡಿದು ಕಟ್ಟಿಟ್ರು. ಕಬ್ಬಿಣ ಒರೆಸಿ, ಪೂರ್ತಿ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಕೊಟ್ರು. ಈಗ ಶಾಪಿನಲ್ಲೇ ಅಂಗಿ ಬದಲಾಯಿಸಿ, ಕೈಕಾಲು ತೊಳೆದು ಮನೆಗೆ ಬರ್ತಾರೆ.

ಇದಕ್ಕೆಲ್ಲ ದುಡ್ಡು ಜಾಸ್ತಿ, ನಿಜ. ದೋಣಿಯವರೂ ಮೊದಲು ಗೊಣಗಿದ್ರು. ಆದರೆ ವರ್ಷಕ್ಕೊಮ್ಮೆ ತುಕ್ಕಿನ ಮೇಲೆ ಬಣ್ಣ ಬಳಿದು, ಕೊನೆಗೆ ತಗಡೇ ಬದಲಾಯಿಸೋ ಖರ್ಚನ್ನೂ ಲೆಕ್ಕ ಹಾಕಬೇಕಲ್ಲ?

ಕಡೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ಹೋದ ವರ್ಷ ಆಗಸ್ಟ್ 15ಕ್ಕೆ ಮುಂಚೆ ನಮ್ಮ ಶಾಲೆಯ ಹಳೇ ಗೇಟನ್ನ ನಾವು ಮಕ್ಕಳೇ ಖುಷಿಯಿಂದ ಉಜ್ಜಿದ್ವಿ. ಯಾರಿಗೂ ಗೊತ್ತಿರಲಿಲ್ಲ, ಯಾರದ್ದೂ ತಪ್ಪಲ್ಲ. ಈ ಸಲ ತಿಳಿದ ದೊಡ್ಡವರೊಬ್ಬರು ಮಾಸ್ಕ್ ಹಾಕಿ, ಒದ್ದೆ ಮಾಡಿ ಉಜ್ಜಲಿ. ಬಣ್ಣ ಹೊಡೆಯೋಕೆ ನಮ್ಮಪ್ಪ ಕೂಲಿ ಇಲ್ಲದೆ ಬರ್ತೀನಿ ಅಂದಿದ್ದಾರೆ. ಯಾವ ಕಲರ್ ಅನ್ನೋದನ್ನ ಬೇಕಾದರೆ ನಾವೆಲ್ಲ ಕೈ ಎತ್ತಿ ಆರಿಸೋಣ.

ನನ್ನ ಮಾತಲ್ಲಿ ತಪ್ಪಿದ್ದರೆ ಕೆಳಗೆ ಜಾಗ ಬಿಟ್ಟಿದ್ದೇನೆ, ಪೆನ್ಸಿಲಿನಲ್ಲಿ ಬರೆಯಿರಿ.

– 10ನೇ ತರಗತಿ, 'ಬಿ' ವಿಭಾಗದಿಂದ